ಟೈಲರ್ ತ್ರ್ಯಂಬಕನ ಬೆನ್ನು

ಕೊಪ್ಪದ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಮೂವತ್ತಾರು ವರ್ಷ ಹೆಂಗಸರ ರವಿಕೆ ಹೊಲಿದ ತ್ರ್ಯಂಬಕ ಕಳೆದ ಶ್ರಾವಣದಲ್ಲಿ ತೀರಿಕೊಂಡ. ಐವತ್ತೆಂಟು ವರ್ಷವಾಗಿತ್ತು. ಕಾಯಿಲೆ ಶುರುವಾದದ್ದು ಬೆನ್ನಿನಲ್ಲಿ, ಎಡ ಭುಜದೆಲುಬಿನ ಕೆಳಗೆ, ಎರಡು ಕೈಗೂ ಸಿಗದ, ಕನ್ನಡಿಗೂ ಸರಿಯಾಗಿ ಬೀಳದ ಜಾಗದಲ್ಲಿ. ಮದುವೆಯಾಗದ ಗಂಡಸಿನ ಆ ಜಾಗವನ್ನು ಲೋಕದಲ್ಲಿ ಯಾರೂ ನೋಡುವುದಿಲ್ಲ. ಇವನದನ್ನು ವರ್ಷಕ್ಕೊಂದು ದಿನ ಒಬ್ಬರು ನೋಡುತ್ತಿದ್ದರು. ಆ ಒಂದು ದಿನವನ್ನು ಅವನು ಮೂರು ವರ್ಷ ತಪ್ಪಿಸಿದ. ಅದಕ್ಕೆ ಕಾರಣ ಒಂದು ರವಿಕೆ. ಹೇಳಿದರೆ ಕೇಳಿದವರು ನಗುತ್ತಾರೆ. ಅವನೂ ಕೊನೆಕೊನೆಗೆ ನಗುತ್ತಿದ್ದ, ಕೆಮ್ಮು ಬಿಟ್ಟಾಗ.

ಅವನು ಹಿರೇಕೊಡಿಗೆಯವನು. ಅಪ್ಪನಿಗೆ ಗದ್ದೆ, ಸ್ವಲ್ಪ ಕಾಫಿ ಇತ್ತು. ಇಬ್ಬರೇ ಮಕ್ಕಳು, ದೊಡ್ಡವಳು ಗಂಗಾಂಬಿಕೆ, ಚಿಕ್ಕವನು ಇವನು. ಹದಿನೇಳಕ್ಕೆ ಶಾಲೆ ಬಿಟ್ಟು ಶೃಂಗೇರಿಯಲ್ಲಿ ಒಬ್ಬರ ಹತ್ತಿರ ಹೊಲಿಗೆ ಕಲಿಯಲು ಕೂತಾಗ ಅಪ್ಪ ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಗೌಡರ ಮನೆಯ ಹುಡುಗ ಹೆಂಗಸರ ರವಿಕೆ ಹೊಲಿಯುವುದೇ ಅಂತ. ಮಾತು ಬಿಡುವುದು ಆ ಮನೆಯಲ್ಲಿ ಪಿತ್ರಾರ್ಜಿತವಾಗಿ ಬಂದದ್ದು. ಗದ್ದೆಯನ್ನು ಮಾರಿದರು. ಇದನ್ನು ಯಾರೂ ಮಾರಲಿಲ್ಲ.

ಅವನು ಹೊಲಿದ ಮೊದಲ ರವಿಕೆ ಅಕ್ಕನ ಮದುವೆಯದು. ಆಗ ಅವನಿಗೆ ಹತ್ತೊಂಬತ್ತು. ಅಳತೆ ತೆಗೆದುಕೊಂಡದ್ದು ಹಿರೇಕೊಡಿಗೆಯ ನಡುಮನೆಯಲ್ಲಿ. ಗಂಗಕ್ಕ ಕಚಗುಳಿಯಾಗಿ ನಕ್ಕು ನಕ್ಕು ಮೂರು ಸಲ ಟೇಪು ಕೆಳಗೆ ಬೀಳಿಸಿದ್ದರಂತೆ. ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು. ಅಳತೆ ಪುಸ್ತಕದ ಮೊದಲ ಪುಟದಲ್ಲಿ ಇಂದಿಗೂ ಅದೇ ಇದೆ.

ಹೆಂಗಸರ ಟೈಲರ್ ಆಗಿದ್ದೂ ಅವನು ಆಮೇಲೆ ಯಾವ ಹೆಂಗಸಿಗೂ ಟೇಪು ಹಿಡಿದವನಲ್ಲ. ಅಂಗಡಿಯಲ್ಲಿ ಒಂದು ಬೋರ್ಡು ಇತ್ತು: ‘ಅಳತೆಯ ರವಿಕೆ ತರತಕ್ಕದ್ದು.’ ಸರಿಯಾಗಿ ಕೂರುವ ಹಳೆಯ ರವಿಕೆ ತಂದರೆ ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಒಬ್ಬ ವಕೀಲ ಪತ್ರ ಓದುವ ಹಾಗೆ ಓದುತ್ತಿದ್ದ. ಮೂರು ತಾಲ್ಲೂಕಿನ ಹೆಂಗಸರಲ್ಲಿ ಯಾರು ದಪ್ಪಗಾದರು, ಯಾರು ಸೊರಗಿದರು, ಯಾರ ಒಂದು ಭುಜ ನೀರು ಹೊತ್ತು ಕೆಳಗಾಗಿದೆ ಎಲ್ಲವೂ ಅವನಿಗೆ ಗೊತ್ತಿತ್ತು. ಮುಖ ನೋಡಿದರೆ ಮಾತ್ರ ಗುರುತು ಹತ್ತುತ್ತಿರಲಿಲ್ಲ.

ನನ್ನದು ಅದೇ ಮಹಡಿಯ ಪಕ್ಕದ ಕೋಣೆಯ ಗ್ರಂಥಾಲಯದಲ್ಲಿ ಕೆಲಸ. ನಿವೃತ್ತನಾದ ಮೇಲೂ ಮಧ್ಯಾಹ್ನ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರ್ ಓದಿ ಹೇಳುವ ಅಭ್ಯಾಸ ಬಿಡಲಿಲ್ಲ. ಮೂವತ್ತು ವರ್ಷ ದಿನವೂ ಎದುರಿಗೆ ಕೂತೆ. ಎದುರಿಗೆ ಕೂತವರಿಗೆ ಬೆನ್ನು ಕಾಣುವುದಿಲ್ಲ.

ಬೆನ್ನನ್ನು ನೋಡುತ್ತಿದ್ದವರು ಗಂಗಕ್ಕ. ನಾಗರ ಪಂಚಮಿಯ ದಿನ ಹುತ್ತಕ್ಕೋ ನಾಗರ ಕಲ್ಲಿಗೋ ಎರೆದು ಉಳಿದ ಹಾಲು, ತುಪ್ಪವನ್ನು ಹೂವಿನಲ್ಲಿ ಅದ್ದಿ ಒಡಹುಟ್ಟಿದವರ ಬೆನ್ನಿಗೆ ಹಚ್ಚುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಂದೇ ಹೊಟ್ಟೆಯಲ್ಲಿ ಬೆನ್ನಿಗೆ ಬೆನ್ನಾಗಿ ಬಂದವರು. ಹೊಟ್ಟೆ ತಂಪಾಗಿರಲಿ, ಬೆನ್ನು ತಂಪಾಗಿರಲಿ ಎಂದು ಹರಸುವುದು. ಅದಕ್ಕೆ ಪ್ರತಿಯಾಗಿ ಅಣ್ಣನೋ ತಮ್ಮನೋ ಏನಾದರೂ ಕೊಡಬೇಕು. ಹಿರೇಕೊಡಿಗೆಯ ಮನೆ ಹೋದ ಮೇಲೆ ಗಂಗಕ್ಕನಿಗೆ ತವರು ಅಂದರೆ ತಮ್ಮ ಒಬ್ಬನೇ. ತವರಿಗೆ ಹೋಗಲು ಮನೆಯಿಲ್ಲ, ಆದ್ದರಿಂದ ತವರೇ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಮುತ್ತಿನಕೊಪ್ಪಕ್ಕೆ, ಅವರ ಗಂಡನ ಮನೆಗೆ ಹೋಗುತ್ತಿತ್ತು. ಕೈಯಲ್ಲಿ ಒಂದು ಹೊಸ ರವಿಕೆ, ಹೊಲಿದದ್ದು.

ಹೊಲಿದದ್ದು ಎನ್ನುವುದರ ಮೇಲೆ ಅವನಿಗೆ ಬಹಳ ಅಭಿಮಾನ. ಹಬ್ಬಕ್ಕೆ, ಬಾಗಿನಕ್ಕೆ, ಅರಿಶಿನ ಕುಂಕುಮಕ್ಕೆ ಹೆಂಗಸರು ಕೊಟ್ಟುಕೊಳ್ಳುವ ರವಿಕೆ ಕಣ ಕಂಡರೆ ಅವನಿಗೆ ಆಗುತ್ತಿರಲಿಲ್ಲ.

“ಅದು ಬಟ್ಟೆ ಅಲ್ಲ ಮಾರಾಯ, ಬರೀ ಸುತ್ತಾಟ. ಇವ್ರು ಅವ್ರಿಗೆ ಕೊಡ್ತಾರೆ, ಅವ್ರು ಇನ್ನೊಬ್ರಿಗೆ ದಾಟಿಸ್ತಾರೆ. ಮೂವತ್ತು ವರ್ಷದಲ್ಲಿ ಬಾಗಿನದ ಕಣ ಹೊಲಿಸ್ಕೊಂಡವ್ರು ಒಬ್ರೂ ನನ್ನ ಮೆಟ್ಲು ಹತ್ತಿಲ್ಲ. ಕತ್ತರಿ ಕಾಣದೇ ಸಾಯ್ತವೆ ಅವು.”

ಅಕ್ಕನಿಗೆ ಅಂಥದ್ದನ್ನು ಕೊಡುವುದುಂಟೇ? ಒಳ್ಳೆಯ ಬಟ್ಟೆ ಆರಿಸಿ, ಆಷಾಢದಲ್ಲೇ ಕತ್ತರಿಸಿ, ಹುಕ್ಕು ಸಿಕ್ಕಿಸುವ ಕಾಜಾ ಕೂಡ ಕೈಯಲ್ಲೇ ಮಾಡುತ್ತಿದ್ದ. ಅಳತೆ ಮೊದಲ ಪುಟದ್ದು, ಎದೆ ಮೂವತ್ತೆರಡು.

ಒಮ್ಮೆ ನಾನು ಕೇಳಿದ್ದೆ. “ಗಂಗಕ್ಕ ಈಗ ಮೂವತ್ತೆರಡು ಇದಾರಾ?”

“ಕಣ್ಣಿಲ್ವಾ ನಿಂಗೆ? ನಲವತ್ತರ ಮೇಲಿದಾಳೆ.”

“ಮತ್ತೆ?”

“ಮತ್ತೆಂತ ಮತ್ತೆ. ದೊಡ್ಡದು ಹೊಲಿದು ಕೊಟ್ರೆ, ಅಕ್ಕಯ್ಯ ನೀನು ದಪ್ಪ ಆದೆ ಅಂತ ಬಟ್ಟೆಲಿ ಬರೆದು ಕೊಟ್ಟ ಹಾಗಾಗಲ್ವಾ? ಹಬ್ಬದ ದಿನ? ಬಿಗಿ ಆದ್ರೆ ಅವಳೇ ಹೇಳ್ತಾಳೆ.”

ಅವಳು ಹೇಳಲಿಲ್ಲ. ತಮ್ಮ ಪ್ರೀತಿಯಿಂದ ಕೊಟ್ಟದ್ದಕ್ಕೆ ಕೊಂಕು ತೆಗೆಯಬಾರದು, ಅದು ಕೂಡ ಪದ್ಧತಿಯೇ. ಹೀಗೆ ಇಬ್ಬರೂ ಬಹಳ ಮರ್ಯಾದೆಯಿಂದ ಮೂವತ್ತೈದು ಪಂಚಮಿ ಕಳೆದರು. ಆ ಮೂವತ್ತೈದನೆಯದಕ್ಕೆ ನಾನೂ ಹೋಗಿದ್ದೆ. ನನಗೆ ಒಡಹುಟ್ಟಿದವರಿಲ್ಲ, ಅರಿಶಿನ ಎಲೆಯ ಕಡುಬಿನ ಮೇಲೆ ಆಸೆ ಇತ್ತು.

ತ್ರ್ಯಂಬಕ ಅಂಗಿ ಬನಿಯನ್ ತೆಗೆದು ಮಣೆಯ ಮೇಲೆ ಕೂತಿದ್ದ. ಅವನ ಭಾವ ನಾರಾಯಣ ಗೌಡರು ಮತ್ತು ನಾನು ಗೋಡೆಗೆ ಒರಗಿದ್ದೆವು. ಗಂಗಕ್ಕ ಹಿಂದೆ ನಿಂತು, ಹೂವನ್ನು ಹಾಲಿನಲ್ಲಿ ಅದ್ದಿ ಬೆನ್ನಿಗೆ ಮುಟ್ಟಿಸಿದರು.

“ಹೊಟ್ಟೆ ತಂಪಾಗಿರ್ಲಿ, ಬೆನ್ನು...” ಅಂದವರು ಅಲ್ಲಿಗೇ ನಿಲ್ಲಿಸಿದರು. “ಇದೆಂತದಾ ಇದು?”

“ಎಂತದು?”

“ಕರೀ ಮಚ್ಚೆ. ಹೋದ ವರ್ಷ ಎಳ್ಳಿನಷ್ಟಿತ್ತು. ಈಗ ಕಡಲೆಯಷ್ಟು ಆಗಿದೆ.”

“ಮಚ್ಚೆ ಅಂದ್ಮೇಲೆ ಇರ್ತದೆ.”

“ಇರ್ತದೆ, ಬೆಳೀತದಾ? ಡಾಕ್ಟ್ರಿಗೆ ಒಂದ್ಸಲ ತೋರ್ಸು ಮಾರಾಯ.” ಅವರು ಇನ್ನೂ ಹತ್ತಿರದಿಂದ ನೋಡಲೆಂದು ಬಗ್ಗಿ, ಬೆಳಕಿಗೆ ಅಡ್ಡವಾಗಿದ್ದ ಕಿಟಕಿಯ ಪರದೆಯನ್ನು ಸರಿಸಲು ಕೈ ಎತ್ತಿದರು. ಪರ್ ಎಂದು ಶಬ್ದವಾಯಿತು.

ನಮಗೆ ಅದು ಏನೆಂದು ತಿಳಿಯಲಿಲ್ಲ. ಮಣೆಯ ಮೇಲಿದ್ದವನು ತಿರುಗದೆಯೇ ಹೇಳಿದ. “ಬಲಗಡೆ ಕಂಕುಳು ಹೋಯ್ತು.”

ಗಂಗಕ್ಕ ಸೆರಗು ಹೊದ್ದುಕೊಂಡು ಒಳಗೆ ಹೋಗಿ ಬೇರೆ ರವಿಕೆ ತೊಟ್ಟು ಬಂದರು. ಹೋದ ವರ್ಷ ತಾನು ಕೊಟ್ಟದ್ದು ಹರಿದಿದೆ ಅಂದಮೇಲೆ ಅವನು ಸುಮ್ಮನಿರುವವನಲ್ಲ. “ಕೊಡು ಇಲ್ಲಿ, ಕೊಪ್ಪಕ್ಕೆ ತಗೊಂಡು ಹೋಗಿ ಸರಿ ಮಾಡಿ ಕಳಿಸ್ತೀನಿ” ಅಂದ. ಬೇಡ, ಆಮೇಲೆ, ಒಗೆದು ಕೊಡ್ತೀನಿ ಎಂದು ಅವರು ಏನೇನೋ ನೆಪ ಹೇಳುತ್ತಿರುವಾಗ ಏನೂ ಅರಿಯದ ನಾರಾಯಣ ಗೌಡರು ಒಳಗಿನಿಂದ ರವಿಕೆ ತಂದು ಅವನ ಕೈಗೇ ಕೊಟ್ಟರು. “ತಗೋ ಭಾವಯ್ಯ, ನಿಮ್ಮ ನಿಮ್ಮಲ್ಲೇ ಎಂತಕ್ಕೆ ನಾಚಿಕೆ.”

ಅವನು ಅದನ್ನು ಒಳಮಗ್ಗುಲು ಮಾಡಿದ. ಬಹಳ ಹೊತ್ತು ನೋಡಿದ. ಕಂಕುಳಿನಿಂದ ಸೊಂಟದವರೆಗೆ ಅವನ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯನ್ನು ಹೊರಗೆ ತೆಗೆದು, ಸಾಲದ್ದಕ್ಕೆ ಒಂದು ಪಟ್ಟಿ ಸೇರಿಸಿ ಬೇರೆ ಯಾರೋ ಹೊಲಿದಿದ್ದರು. ಬಟ್ಟೆ ಕಂದು, ದಾರ ಕೆಂಪು.

“ಇದು ಯಾರ ಕೈ?” ಅಂದ.

“ಎನ್.ಆರ್.ಪುರದ ಅನ್ನಮ್ಮ.”

“ಎಷ್ಟು ವರ್ಷದಿಂದ?”

ಗಂಗಕ್ಕ ಸುಳ್ಳು ಹೇಳಬಹುದಿತ್ತು. “ಶಶಾಂಕ ಹುಟ್ಟಿದ ಮೇಲೆ” ಅಂದರು. ಅವರ ಮಗ ಶಶಾಂಕನಿಗೆ ಆಗ ಮೂವತ್ತೊಂದು.

“ಮೂವತ್ತು ವರ್ಷ ನಂಗೆ ಹೇಳಕ್ಕೆ ಬಾಯಿ ಬರ್ಲಿಲ್ವಾ ಅಕ್ಕಯ್ಯ?”

“ಮೂವತ್ತು ವರ್ಷ ಅಳತೆ ಕೇಳಕ್ಕೆ ನಿಂಗೆ ಬಂತಾ?”

“ನನ್ನ ಹೊಲಿಗೆ ಬಿಚ್ಚಕ್ಕೆ ಇನ್ನೊಬ್ರ ಹತ್ರ ಕೊಟ್ಟೆ.”

“ಮತ್ತೆ ಎಂತ ಮಾಡ್ಬೇಕಿತ್ತು? ಉಪವಾಸ ಮಾಡಿ ತೊಟ್ಕೊಳ್ಳಬೇಕಿತ್ತಾ? ಅನ್ನಮ್ಮನ ಕೈಯಲ್ಲಿ ಹೋಗಿ ಬಂದ್ಮೇಲೆ ಉಸಿರಾಡಕ್ಕಾದ್ರೂ ಆಗ್ತದೆ.”

ಆ ಕೊನೆಯ ಮಾತು ಆಡಬಾರದಿತ್ತು ಎಂದು ಗಂಗಕ್ಕ ಆಮೇಲೆ ನನ್ನ ಹತ್ತಿರ ಹತ್ತು ಸಲ ಹೇಳಿದ್ದಾರೆ. ತ್ರ್ಯಂಬಕ ಹಾಲಿನ ಬೆನ್ನಿನ ಮೇಲೆಯೇ ಅಂಗಿ ತೊಟ್ಟು ಮೆಟ್ಟಿಲಿಳಿದ. ನನ್ನ ಎಲೆಗೆ ಆಗಲೇ ಕಡುಬು ಬಿದ್ದಿತ್ತು. ತಿಂದೇ ಎದ್ದೆ. ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಕೊಪ್ಪ ಮುಟ್ಟುವವರೆಗೂ ಅವನು ದಾರದ ಬಣ್ಣದ ಬಗ್ಗೆ ಮಾತಾಡಿದ. ಕಂದು ಬಟ್ಟೆಗೆ ಕೆಂಪು ದಾರ. ಕಣ್ಣು ಕಾಣದವರೂ ಹಾಕುವುದಿಲ್ಲ. ನಾನು ಹೌದು ಹೌದು ಅಂದೆ. ಮಚ್ಚೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುವರ್ಷ ಪಂಚಮಿಗೆ ಅವನು ಹೋಗಲಿಲ್ಲ. ಹಾಗೆಂದು ಪದ್ಧತಿ ಬಿಟ್ಟ ಎಂದು ತಿಳಿಯಬೇಡಿ. ಮಾತು ಬಿಟ್ಟವರು ಕೊಡುಕೊಳ್ಳುವುದನ್ನು ಬಿಡುವುದಿಲ್ಲ, ಬಿಟ್ಟರೆ ಜನ ಆಡಿಕೊಳ್ಳುತ್ತಾರೆ. ಹಿಂದಿನ ದಿನ, ನಾಗರ ಚೌತಿಯ ಬೆಳಿಗ್ಗೆ, ಶಿವಮೊಗ್ಗ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟು ಕಳಿಸಿದ. ಅದರಲ್ಲಿದ್ದದ್ದು ರವಿಕೆ ಕಣ. ಹೊಲಿಯದ್ದು, ಅಂಗಡಿಯ ಮಡಿಕೆ ಕೂಡ ಬಿಚ್ಚದ್ದು. ಮೇಲೊಂದು ಚೀಟಿ: ‘ಅನ್ನಮ್ಮನವರ ಹತ್ತಿರ ಹೊಲಿಸಿಕೊಳ್ಳುವುದು.’

ಪಂಚಮಿಯ ದಿನ ಸಂಜೆ ಅದೇ ಬಸ್ಸಿನಲ್ಲಿ ಗಂಗಕ್ಕನ ಉತ್ತರ ಬಂತು. ಒಂದು ಡಬ್ಬಿ ಕಡುಬು. ಒಂದು ಸಣ್ಣ ಬಾಟಲಿ ತುಪ್ಪ. ಬಾಟಲಿ ನನ್ನ ಹೆಸರಿಗಿತ್ತು. ಹಿಂದೆಯೇ ಫೋನೂ ಬಂತು.

“ಲೈಬ್ರರಿಯವ್ರೆ, ಒಂದು ಉಪಕಾರ ಮಾಡ್ಬೇಕು. ಆ ತುಪ್ಪನ ಅವನ ಬೆನ್ನಿಗೆ ನೀವೇ ಒಂಚೂರು ಹಚ್ಚಿಬಿಡಿ.”

“ನಾನು ಹಚ್ಚಿದ್ರೆ ಆಗ್ತದಾ ಗಂಗಕ್ಕ? ಒಡಹುಟ್ಟಿದವರು...”

“ಶಾಸ್ತ್ರ ಸಾಯ್ಲಿ. ಹಚ್ಚುವಾಗ ನೋಡ್ಬೋದಲ್ಲ. ಎಡಗಡೆ, ರೆಕ್ಕೆ ಎಲುಬಿನ ಕೆಳಗೆ. ಎಷ್ಟಾಗಿದೆ ನೋಡಿ ನಂಗೆ ಹೇಳಿ.”

ಹೇಳಿದಷ್ಟು ಮಾಡಬಹುದಿತ್ತು. ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ. ನಾನು ಬಾಟಲಿ ಮುಂದಿಟ್ಟು, “ಅಂಗಿ ತೆಗಿ ಮಾರಾಯ, ಬೆನ್ನಿಗೆ ಹಚ್ಚಬೇಕಂತೆ” ಅಂದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

“ನೀನು ಯಾವಾಗ ನನ್ನ ಅಕ್ಕ ಆದೆ?”

“ಗಂಗಕ್ಕ ಹೇಳಿದ್ರು. ಮಚ್ಚೆ ನೋಡ್ಬೇಕಂತೆ.”

“ನೋಡಬೇಕಾದವಳು ಬಂದು ನೋಡ್ಲಿ. ಏಜೆಂಟ್ ಇಟ್ಟಿದಾಳಾ?”

ಅರವತ್ತು ದಾಟಿದ ಇಬ್ಬರು ಗಂಡಸರು, ಅಂದರೆ ನಾನು ದಾಟಿದವನು, ಅವನು ಹತ್ತಿರ ಬಂದವನು, ಒಬ್ಬರ ಅಂಗಿಯನ್ನು ಒಬ್ಬರು ತೆಗೆಸುವುದು ಹೇಗೆ? ನನಗೆ ಸಂಕೋಚವಾಯಿತು. ಅಷ್ಟಕ್ಕೇ ಬಿಟ್ಟೆ. ಮರುದಿನ ಅವನು ಆ ತುಪ್ಪವನ್ನು ದೋಸೆಗೆ ಹಾಕಿಕೊಂಡ. ನನಗೂ ಹಾಕಿದ. ಒಳ್ಳೆಯ ತುಪ್ಪ. ನಾನೂ ತಿಂದೆ.

ಗಂಗಕ್ಕನಿಗೆ ಏನೂ ಇಲ್ಲವಂತೆ, ಚೆನ್ನಾಗಿದ್ದಾನೆ ಎಂದು ಹೇಳಿದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಎರಡನೆಯ ವರ್ಷವೂ ಹೀಗೆಯೇ. ಹೋದದ್ದು ಕಣ, ಬಂದದ್ದು ಕಡುಬು. ಅನ್ನಮ್ಮನವರ ಹೆಸರಿನ ಚೀಟಿ ಈ ಸಲವೂ ಇತ್ತು. ಗಂಗಕ್ಕ ಎರಡನ್ನೂ ಹೊಲಿಸಲಿಲ್ಲ, ಬಾಗಿನದಲ್ಲಿ ಯಾರಿಗೂ ದಾಟಿಸಲಿಲ್ಲ, ಕಪಾಟಿನಲ್ಲಿಟ್ಟರು. ತಮ್ಮ ಬಂದು ‘ಹೊಲಿದು ಕೊಡ್ತೀನಿ’ ಅನ್ನುವವರೆಗೆ ಅವು ಅಲ್ಲೇ ಇರಲಿ ಎಂದು ಅವರ ಹಟ. ಅವಳು ಬಂದು ‘ಹೊಲಿದು ಕೊಡು’ ಅನ್ನಲಿ ಎಂದು ಇವನ ಹಟ. ಕೊಪ್ಪಕ್ಕೂ ಮುತ್ತಿನಕೊಪ್ಪಕ್ಕೂ ದಿನಕ್ಕೆ ಎಷ್ಟೋ ಬಸ್ಸುಗಳಿವೆ. ಎಲ್ಲವೂ ಇವರಿಬ್ಬರನ್ನು ಬಿಟ್ಟು ಓಡಾಡಿದವು.

ಮೂರನೆಯ ವರ್ಷವೂ ಕಣವೇ ಹೋಯಿತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಅಂಗಿಗಳ ಬೆನ್ನಿನಲ್ಲಿ ಕಲೆ ಬೀಳತೊಡಗಿತಂತೆ. ‘ಅಂತೆ’ ಅನ್ನುತ್ತೇನೆ, ಯಾಕೆಂದರೆ ನಾನು ಕಾಣಲಿಲ್ಲ. ಕುರ್ಚಿಯ ಮೊಳೆ ತಾಗಿ ಗಾಯವಾಗಿರಬೇಕು ಎಂದುಕೊಂಡು ಮೊಳೆಯನ್ನು ಬಡಿದು ಒಳಗೆ ಹಾಕಿದ. ಕಲೆ ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಇವನು ಟೈಲರ್. ಬಟ್ಟೆಯ ತೊಂದರೆಗೆ ಬಟ್ಟೆಯಲ್ಲೇ ಪರಿಹಾರ ಕಂಡುಕೊಂಡ. ಐದು ಅಂಗಿಗಳಿಗೂ ಎಡ ಭುಜದ ಕೆಳಗೆ, ಒಳಗಿನಿಂದ, ಅಂಗೈಯಗಲ ಎರಡು ಪದರದ ಲೈನಿಂಗ್ ಕೊಟ್ಟ. ಆ ಅಂಗಿಗಳು ಈಗ ನನ್ನ ಹತ್ತಿರ ಇವೆ. ಹೊಲಿಗೆ ಅಚ್ಚುಕಟ್ಟಾಗಿದೆ, ಹೊರಗಿನಿಂದ ಒಂದು ಎಳೆಯೂ ಕಾಣುವುದಿಲ್ಲ.

ಚೈತ್ರದಲ್ಲಿ ಕೆಮ್ಮು ಹಿಡಿಯಿತು. ಎಕ್ಸ್‌ರೇ ತೆಗೆಯುವ ಹುಡುಗಿ ಅಂಗಿ ತೆಗೆಯಿರಿ ಅಂದಳು. ಅವನು ತೆಗೆದ. ಮೂವತ್ತು ವರ್ಷದ ಸ್ನೇಹಿತನಿಗೆ ತೆಗೆಯದವನು, ಸಮವಸ್ತ್ರ ಹಾಕಿದ ಇಪ್ಪತ್ತು ವರ್ಷದ ಹುಡುಗಿ ಹೇಳಿದ ಕೂಡಲೇ ತೆಗೆದ. ಅವಳು ಹೊರಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಅಲ್ಲಿಂದ ಶಿವಮೊಗ್ಗ. ಅಷ್ಟರಲ್ಲಿ ಮಚ್ಚೆಯ ಕ್ಯಾನ್ಸರು ಬೆನ್ನಿನಿಂದ ಶ್ವಾಸಕೋಶಕ್ಕೆ ಹೋಗಿತ್ತು. ಶಿವಮೊಗ್ಗದ ಡಾಕ್ಟರು ವಯಸ್ಸಾದವರು, ಸೌಮ್ಯ ಮನುಷ್ಯ. “ಮನೆಯಲ್ಲಿ ಯಾರೂ ನೋಡಿರ್ಲಿಲ್ವಾ?” ಎಂದು ಕೇಳಿದರು.

“ನೋಡೋರು ಇದ್ರು ಸರ್” ಅಂದ ತ್ರ್ಯಂಬಕ. “ಅವ್ರಿಗೆ ಸ್ವಲ್ಪ ರವಿಕೆ ಬಿಗಿ ಆಗಿತ್ತು.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಇನ್ನು ಉಳಿದದ್ದು ತಿಂಗಳುಗಳ ಲೆಕ್ಕ ಎಂದು ಅವನಿಗೂ ನನಗೂ ಗೊತ್ತಾದ ಮೇಲೆ ನನ್ನ ತಲೆಯಲ್ಲಿ ಒಂದೇ ಇತ್ತು. ಈ ಸಲದ ಪಂಚಮಿಯನ್ನಾದರೂ ಅಕ್ಕ ತಮ್ಮ ತಪ್ಪಿಸಬಾರದು. ನಾನು ಮುತ್ತಿನಕೊಪ್ಪಕ್ಕೆ ಹೋಗಿ ಗಂಗಕ್ಕನಿಗೆ ಎಲ್ಲ ಹೇಳಿದೆ. ಅವರು ಅಳಲಿಲ್ಲ. ಹೊಸಿಲ ಮೇಲೆ ಕೂತರು.

“ಕಡಲೆಯಷ್ಟಿದ್ದಾಗ ನಾನು ಹೇಳಿದ್ದೆ” ಅಂದರು.

“ಹೌದು. ಈಗ ಹೊರಡಿ.”

“ಅವನು ಬಾ ಅಂದ್ನಾ?”

“ಅವನು ಅನ್ನುವವನಾ?”

“ಮತ್ತೆ ಹ್ಯಾಂಗೆ ಬರ್ಲಿ? ನನ್ನ ಮನೆ ಮೆಟ್ಲು ಇಳಿದು ಹೋದವನು ಅವನು. ಕರೀದೆ ಹೋದ್ರೆ, ಸಾಯೋ ಹೊತ್ತಿಗೆ ಬಂದ್ಲು ಅಂತಾನೆ. ಅವನಿಗೆ ಹೆದರಿಕೆ ಆಗಲ್ವಾ?”

ನಾರಾಯಣ ಗೌಡರು ಒಳಗಿನಿಂದ ಕೂಗಿದರು. “ಇಬ್ರಿಗೂ ಒಂದೇ ಅಪ್ಪ. ಬೇರೆ ಸಾಕ್ಷಿ ಬೇಡ.”

ಹಿಂದಿರುಗುವಾಗ ಎನ್.ಆರ್.ಪುರದಲ್ಲಿ ಇಳಿದು ಅನ್ನಮ್ಮನ ಅಂಗಡಿ ಹುಡುಕಿದೆ. ಯಾಕೆ ಹೋದೆನೋ ಗೊತ್ತಿಲ್ಲ. ಬಯ್ಯಬೇಕು ಅನಿಸಿರಬೇಕು. ಎಪ್ಪತ್ತರ ಹತ್ತಿರದ ಸಣಕಲು ಹೆಂಗಸು, ಗೋಡೆಯಲ್ಲಿ ಯೇಸುವಿನ ಪಟ, ಪಕ್ಕದಲ್ಲಿ ಹೊಲಿಗೆ ಯಂತ್ರದ ಕಂಪನಿಯ ಕ್ಯಾಲೆಂಡರು. ಯಾರ ಕಡೆಯವನು ಎಂದು ಹೇಳಿದ ಕೂಡಲೇ ಯಂತ್ರ ನಿಲ್ಲಿಸಿದರು.

“ಕೊಪ್ಪದ ಟೈಲರಾ? ಒಂದು ಸಲವೂ ಮುಖ ನೋಡ್ಲಿಲ್ಲ, ಕೈ ಮಾತ್ರ ಚೆನ್ನಾಗಿ ಗೊತ್ತುಂಟು. ಅವರ ಹೊಲಿಗೆ ಬಿಚ್ಚಲಿಕ್ಕೆ ಮನಸ್ಸೇ ಬರ್ತಿರ್ಲಿಲ್ಲ ನಂಗೆ.”

“ಆದ್ರೂ ಬಿಚ್ಚಿದ್ರಿ.”

“ಬಿಚ್ಚಲಿಕ್ಕೆ ಅಂತಲೇ ಬಿಟ್ಟಿದ್ರಲ್ಲ” ಅಂದರು ಅನ್ನಮ್ಮ. “ಸಾಧಾರಣ ನಾವು ಒಳಗೆ ಎರಡು ಬೆರಳು ಬಟ್ಟೆ ಬಿಡ್ತೇವೆ. ಅವರು ಮೊದಲು ಎರಡು ಬಿಟ್ರು. ಆಮೇಲೆ ಮೂರು. ಆಮೇಲೆ ನಾಲ್ಕು. ವರ್ಷ ವರ್ಷ ಜಾಸ್ತಿ. ಆ ಅಮ್ಮ ಎಷ್ಟು ದಪ್ಪ ಆಗ್ತಾ ಇದಾರೆ ಅಂತ ಅವರಿಗೆ ನೂಲಿನಷ್ಟು ತಪ್ಪದೆ ಗೊತ್ತಿತ್ತು. ನಾನು ಗೆರೆ ಹಿಡಿದು ಹೊಲಿಯೋದು ಮಾತ್ರ. ಕೊನೇ ಸಲ ಮಾತ್ರ ಒಂದು ಪಟ್ಟಿ ಸೇರಿಸ್ಬೇಕಾಯ್ತು.”

“ಕೆಂಪು ದಾರ ಹಾಕಿದ್ರಂತೆ, ಕಂದು ಬಟ್ಟೆಗೆ.”

ಅವರು ನಾಚಿದರು. “ಕಂದು ಮುಗಿದಿತ್ತು. ಒಳಗೆ ತಾನೆ, ಯಾರು ನೋಡ್ತಾರೆ ಅಂದ್ಕೊಂಡೆ.”

ಮತ್ತೆ ಮುತ್ತಿನಕೊಪ್ಪಕ್ಕೆ ಹೋಗುವ ಬದಲು ಅಲ್ಲಿಂದಲೇ ಗಂಗಕ್ಕನಿಗೆ ಫೋನ್ ಮಾಡಿ ಎರಡು, ಮೂರು, ನಾಲ್ಕು ಬೆರಳಿನ ಮಾತು ಹೇಳಿದೆ. “ಒಳಗೆ ಅಷ್ಟು ಬಟ್ಟೆ ಇತ್ತಾ?” ಅಂದರು. “ನಾನು ಒಂದಿನವೂ ತಿರುಗಿಸಿ ನೋಡ್ಲಿಲ್ಲ.” ಫೋನ್ ಇಟ್ಟರು.

ಪಂಚಮಿಯ ದಿನ ಹತ್ತು ಗಂಟೆಯ ಬಸ್ಸಿಗೆ ಗಂಗಕ್ಕ ಕೊಪ್ಪದಲ್ಲಿ ಇಳಿದರು. ಒಂದು ಕೈಯಲ್ಲಿ ಹಾಲಿನ ತಂಬಿಗೆ, ಇನ್ನೊಂದರಲ್ಲಿ ಕಡುಬಿನ ಡಬ್ಬಿ. ಮಹಡಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಬಹಳ ಇಳಿದುಹೋಗಿದ್ದ.

“ಯಾರು ಕರೆದ್ರು?” ಅಂದ.

“ಯಾರೂ ಕರೀಲಿಲ್ಲ. ಪಂಚಮಿ. ತಿರುಗು ಆಚೆ.”

ತಿರುಗಲು ಅವನಿಗೆ ಒಬ್ಬನಿಗೇ ಆಗುತ್ತಿರಲಿಲ್ಲ. ನಾನು ಹಿಡಿದುಕೊಂಡೆ. ಬೆಳಿಗ್ಗೆ ಬಂದು ಹೋಗುವ ನರ್ಸು ಕಟ್ಟಿದ್ದ ಬ್ಯಾಂಡೇಜು ಸಡಿಲವಾಗಿತ್ತು, ಅದನ್ನು ಹೇಗೂ ಬದಲಿಸಬೇಕಿತ್ತು. ಗಂಗಕ್ಕ ತಾವೇ ಬಿಚ್ಚಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಜಾಗವನ್ನು ನೋಡಿದರು. ನಾನು ಮುಂದಿನಿಂದ ಹಿಡಿದಿದ್ದರಿಂದ ನನಗೆ ಕಂಡದ್ದು ಅವರ ಮುಖ ಮಾತ್ರ.

“ಹ್ಯಾಂಗಿದೆ?” ಅಂದ.

ಅವರು ಬಿಚ್ಚಿದ ಬ್ಯಾಂಡೇಜನ್ನು ಸುತ್ತಿ ಪಕ್ಕಕ್ಕಿಟ್ಟರು.

“ಅಕ್ಕಯ್ಯ, ಚಂದ ಉಂಟು, ಸರಿ ಉಂಟು ಅಂತ ಮಾತ್ರ ಹೇಳ್ಬೇಡ.”

“ಚಂದ ಇಲ್ಲ” ಅಂದರು ಗಂಗಕ್ಕ.

“ಎಷ್ಟಗಲ? ಡಾಕ್ಟ್ರು ಸೆಂಟಿಮೀಟರ್‌ನಲ್ಲಿ ಹೇಳ್ತಾರೆ, ನಂಗೆ ಅದು ತಲೆಗೆ ಹೋಗಲ್ಲ.” ಅವನು ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಹಿಂದಕ್ಕೆ ಚಾಚಿದ. ಮಲಗಿದಾಗಲೂ ಅದನ್ನು ತೆಗೆಯುತ್ತಿರಲಿಲ್ಲ. “ಮುಟ್ಟಿಸಬೇಡ. ಮೇಲಿಂದ ಹಿಡಿ.”

ಅವರು ಹಿಡಿದರು. ಟೇಪು ಒಮ್ಮೆ ಕೆಳಗೆ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದರು. “ಮೂರೂವರೆ ಇಂಚು. ಕೆಳಗಡೆ ಸ್ವಲ್ಪ ಜಾಸ್ತಿ.”

“ಹೂಂ” ಅಂದ. ಅಷ್ಟೇ. ಗಿರಾಕಿ ಅಳತೆ ಹೇಳಿದಾಗ ಅನ್ನುವ ಹಾಗೆ.

ಹಾಲು ಹಚ್ಚುವುದೆಲ್ಲಿ? ಗಾಯಕ್ಕೆ ಒದ್ದೆ ತಾಗಬಾರದು. ಗಂಗಕ್ಕ ಬೆನ್ನನ್ನೆಲ್ಲ ಹುಡುಕಿ ಬಲಗಡೆ, ಸೊಂಟದ ಹತ್ತಿರ, ಒಂದು ಒಳ್ಳೆಯ ಜಾಗ ಕಂಡು ಅಲ್ಲಿ ಹೂವು ಮುಟ್ಟಿಸಿದರು. ಹೊಟ್ಟೆ ತಂಪಾಗಿರಲಿ ಅಂದರು. ಬೆನ್ನು ತಂಪಾಗಿರಲಿ ಎಂದೂ ಅಂದರು. ಹೊಸ ಬ್ಯಾಂಡೇಜನ್ನು ನಾನು ಹೇಳಿದ ಹಾಗೆ ಕಟ್ಟಿದರು. ಆಮೇಲೆ ಚೀಲದಿಂದ ಮೂರು ರವಿಕೆ ಕಣ ತೆಗೆದು ಅವನ ತೊಡೆಯ ಮೇಲಿಟ್ಟರು. ಮೂರೂ ಅವನು ಕಳಿಸಿದವು.

“ಹೊಲಿದು ಕೊಡು.”

“ಅನ್ನಮ್ಮ ಇಲ್ವಾ?”

“ಅವಳ ಹತ್ರ ನನ್ನ ಅಳತೆ ಇಲ್ಲ. ಹಳೇದನ್ನ ಬಿಚ್ಚಕ್ಕೆ ಮಾತ್ರ ಬರ್ತದೆ ಅವಳಿಗೆ.”

ಅವನು ನಕ್ಕ, ಕೆಮ್ಮಿದ, ಸುಧಾರಿಸಿಕೊಂಡ. “ಹತ್ರ ಬಾ. ಬಗ್ಗು. ನಂಗೆ ನಿಲ್ಲಕ್ಕಾಗಲ್ಲ.” ಅಕ್ಕ ಮಂಡಿಯೂರಿ ಕೂತರು, ತಮ್ಮ ಟೇಪು ಸುತ್ತಿದ. ಮೂವತ್ತೊಂಬತ್ತು ವರ್ಷದ ಮೇಲೆ. ನಾನು ಅಳತೆ ಪುಸ್ತಕ ಹಿಡಿದು ಬರೆದುಕೊಂಡೆ.

“ಎದೆ ನಲವತ್ತೆರಡು” ಅಂದ. “ಸೊಂಟ... ಉಸಿರು ಎಳ್ಕೋಬೇಡ ಅಕ್ಕಯ್ಯ, ನಂಗೆ ಮೋಸ ಮಾಡಿ ನಿಂಗೆ ಎಂತ ಸಿಗ್ತದೆ? ಮೂವತ್ತೆಂಟು. ಉದ್ದ ಹದಿನೈದು. ಭುಜ ಹದಿನೈದೂಕಾಲು.”

ಅಲ್ಲಿಗೆ ಅವನಿಗೆ ಸುಸ್ತಾಯಿತು. ತೋಳು ಆಮೇಲೆ ತೆಗೆದುಕೊಳ್ಳುತ್ತೇನೆ ಅಂದು ಕಣ್ಣು ಮುಚ್ಚಿದ. ಗಂಗಕ್ಕ ಕೊಪ್ಪದಲ್ಲೇ ಉಳಿದರು. ಮರುದಿನ ಅವನು ಒಂದು ಕಣವನ್ನು ಬಿಚ್ಚಿಸಿ, ಹಾಸಿಗೆಯ ಮೇಲೇ ಹರಡಿಸಿ, ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದ. ಕತ್ತರಿ ಹಿಡಿಯಲು ಆಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಅಕ್ಕ ಕಾಫಿ ತರುವಷ್ಟರಲ್ಲಿ, ಹೋದ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಗಂಗಕ್ಕನ ಜೊತೆ ನಾನು ಎನ್.ಆರ್.ಪುರದಲ್ಲಿ ಇಳಿದೆ. ಗೆರೆ ಎಳೆದ ಕಣ, ಉಳಿದೆರಡು ಕಣ ಮತ್ತು ನನ್ನ ಕೈಬರಹದ ಅಳತೆಯ ಚೀಟಿಯನ್ನು ಅನ್ನಮ್ಮನ ಮೇಜಿನ ಮೇಲಿಟ್ಟೆವು. ಅವರು ಚೀಟಿ ಓದಿದರು. ಸೀಮೆಸುಣ್ಣದ ಗೆರೆಯನ್ನು ಅಳಿಸದ ಹಾಗೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

“ತೋಳಿನ ಅಳತೆ ಇಲ್ಲ ಇದ್ರಲ್ಲಿ” ಅಂದರು. “ಕೈ ಕೊಡಿ ಅಮ್ಮ, ತಗೊಳ್ತೇನೆ.”

ಗಂಗಕ್ಕ ಕೈ ಕೊಡಲಿಲ್ಲ. “ಬೇಡ. ಅವನ ಪುಸ್ತಕದಲ್ಲಿ ಮೊದಲನೇ ಪುಟದಲ್ಲಿ ನನ್ನ ಮದುವೆ ರವಿಕೆ ತೋಳು ಬರೆದಿದೆ. ಅದನ್ನೇ ಇಡಿ.”

“ಅದು ಮದುವೆ ಹೊತ್ತಿನದ್ದಲ್ವಾ? ಬಿಗಿ ಆಗ್ತದೆ.”

“ಆಗ್ಲಿ, ಇದನ್ನ ಇನ್ನು ಬಿಚ್ಚಿಸಲ್ಲ” ಅಂದರು ಗಂಗಕ್ಕ. “ಒಳಗೆ ಬಟ್ಟೆ ಬಿಡೋದು ಮಾತ್ರ ಬೇಡ.”